ಆರಡಿ ಮೂರಿಂಚು

ಮಾರ್ಚ್ 2, ಸೋಮವಾರ

ಎರಡು ಸೋಫಾ, ಒಂದು ದಂತವೈದ್ಯರ ಕುರ್ಚಿಗೆ ಹೊಸ ಹೊದಿಕೆ. ರೆಕ್ಸಿನ್ ಎಳೆದೆಳೆದು ಹೆಬ್ಬೆರಳು ಊದಿದೆ. ವರ್ಕ್‌ಶಾಪ್ ಓನರ್ ನಾಳೆ ರಜೆ ತಗೊಳ್ಳಿ ಅಂದರು. ಬೇಡ ಅಂದೆ. ಮನೆಯಲ್ಲಿ ಕೂತು ಯಾರ ಮುಖ ನೋಡಲಿ?

ಸಂಜೆ ಹಿನ್ನೀರಿನ ದೋಣಿ ಯಾರ್ಡಿನಿಂದ ಫೋನ್. ದೋಣಿ ನಿಲ್ಲಿಸಲು ಇವರು ವರ್ಷಗಳ ಹಿಂದೆ ಕೇಳಿದ್ದ ಜಾಗ ಈಗ ಸಿಕ್ಕಿದೆಯಂತೆ. "ಯಜಮಾನರಿಗೆ ಕೊಡಿ ಫೋನು" ಅಂದರು ಮ್ಯಾನೇಜರ್. ಅವರು ಹೋಗಿಬಿಟ್ಟರು, ನವೆಂಬರಿನಲ್ಲಿ ಅಂದೆ. ಅವರು ಮೆಲ್ಲಗೆ, "ನಿಮ್ಮ ಹೆಸರಿಗೆ ಮಾಡಿಕೊಡ್ತೀನಮ್ಮಾ. ಆದ್ರೆ ಈ ತಿಂಗಳೊಳಗೆ ದೋಣಿ ತಂದು ನಿಲ್ಲಿಸ್ಬೇಕು. ಇಲ್ಲಾಂದ್ರೆ ಮುಂದಿನವರಿಗೆ ಹೋಗುತ್ತೆ."

ತರ್ತೀನಿ ಅಂದುಬಿಟ್ಟೆ. ದೋಣಿ ಎಲ್ಲಿದೆ ನನ್ನ ಹತ್ತಿರ!

ಮಾರ್ಚ್ 3

ನಿದ್ದೆ ಇಲ್ಲ.

ಇಷ್ಟು ದಿನ ಕ್ಲಬ್ಬಿನ ಬಾಡಿಗೆ ಹಾಯಿದೋಣಿ. ಭಾನುವಾರ ಮಾತ್ರ. ಇವರು ಹಾಯಿ, ನಾನು ಚುಕ್ಕಾಣಿ. ಸಂಜೆ ಗಂಟೆ ಹೊಡೆದರೆ ವಾಪಸ್. ಒಂದು ದಿನವಾದರೂ ನೀರಿನ ಮೇಲೇ ಮಲಗಿ ನೀರಿನ ಮೇಲೇ ಏಳಬೇಕು ಅನ್ನುವುದು ಇವರ ಹುಚ್ಚು. ಅದಕ್ಕೆ ಬೇಕಾದದ್ದು ಪುಟ್ಟ ಕ್ಯಾಬಿನ್ ಇರುವ ದೋಣಿ. ಟ್ರೇಲರ್ ಮೇಲೆ ಕೂರಿಸಿದರೆ ನಮ್ಮ ಕಾರು ಎಳೆಯುವಂಥದ್ದು. ನಮ್ಮಂಥವರ ಕೈಗೆ ಎಟುಕುವಂಥದ್ದು.

ನಮ್ಮ ಕಾರು ಅಂತಲೇ ಬರೆದಿದ್ದೇನೆ. ಇರಲಿ.

ಮಾರ್ಚ್ 7, ಶನಿವಾರ

ಅಕ್ಕನನ್ನು ಕರೆದುಕೊಂಡು ಹೋದೆ. ಮಾರುವವರು ರಿಟೈರ್ ಆದ ಪೋಸ್ಟ್‌ಮಾಸ್ತರರು. ಮನೆ ಮುಂದೆ ಟಾರ್ಪಾಲಿನ ಕೆಳಗೆ ಹಸಿರು ದೋಣಿ.

"ಇದೇನು ದೋಣಿನೋ ಸೋಪ್ ಡಬ್ಬಿನೋ?" ಅಂದಳು ಅಕ್ಕ, ಅವರಿಗೆ ಕೇಳುವ ಹಾಗೆ.

"ಡಬ್ಬಿನೇ ತಾಯಿ. ಆದ್ರೆ ಮುಳುಗದ ಡಬ್ಬಿ. ನಮ್ಮ ಮನೆಯವಳು ಇದನ್ನ ಸವತಿ ಅಂತಾಳೆ. ಮಂಡಿ ನೋವು ಶುರುವಾಯ್ತು ನೋಡಿ, ಇಬ್ಬರನ್ನೂ ಸಾಕೋಕಾಗಲ್ಲ."

ಹಗುರ. ಅಡಿ ಗಟ್ಟಿ. ಒಳಗೆ ಎರಡು ಮಲಗುವ ಹಲಗೆ, ನಡುವೆ ಸ್ಟವ್ ಇಡುವಷ್ಟು ಜಾಗ. ಬೆಲೆಯೂ ಪರವಾಗಿಲ್ಲ. ಟೇಪು ಹಿಡಿದೆ. ಹಲಗೆ ಐದಡಿ ಏಳು. ಸಾಲದು. ಬೇಡ ಅಂದು ಬಂದೆ.

ದಾರಿಯುದ್ದಕ್ಕೂ ಅಕ್ಕ ಮುಖ ಊದಿಸಿಕೊಂಡೇ ಕೂತಿದ್ದಳು. ಯಾಕೆ ಅಂತ ಕೇಳಲಿಲ್ಲ.

ಮಾರ್ಚ್ 11

ಕೆಲಸ ಮುಗಿಸಿ ಇನ್ನೆರಡು ನೋಡಿದೆ. ಒಂದರಲ್ಲಿ ಐದಡಿ ಹತ್ತು. ಇನ್ನೊಂದರಲ್ಲಿ ಸರಿಯಾಗಿ ಆರಡಿ... ಮಂಡಿ ಮಡಚಿ ಎಷ್ಟು ಹೊತ್ತು ಮಲಗಲಾದೀತು? ಬೇಡ.

ಮಾರ್ಚ್ 15, ಭಾನುವಾರ

ಸಿಕ್ಕಿತು! ಕಟ್ಟಡ ಕಂಟ್ರಾಕ್ಟರ್ ಒಬ್ಬರದು. ಬಿಳಿ, ದೊಡ್ಡದು. ಬಣ್ಣ ಹೋಗಿದೆ, ಅದಕ್ಕೇ ಅಗ್ಗ. ಹಲಗೆ ಆರಡಿ ಐದು! ಅಡ್ವಾನ್ಸ್ ಕೊಟ್ಟೇ ಬಂದೆ. ಅವರು ತೂಕದ ವಿಷಯ ಏನೋ ಹೇಳುತ್ತಿದ್ದರು.

ಬಹಳ ದಿನಕ್ಕೆ ಊಟ ರುಚಿಸಿತು.

ಮಾರ್ಚ್ 21, ಶನಿವಾರ

ಬರೆಯಲೇ ಮನಸ್ಸಿಲ್ಲ.

ದೋಣಿ ತರಲು ಹೋದೆವು. ಕಂಟ್ರಾಕ್ಟರರ ಗೇಟಿನ ಮುಂದೆ ಏರು. ನಾನು ಆಕ್ಸಿಲರೇಟರ್ ಒತ್ತಿದಷ್ಟೂ ದೋಣಿ ಕಾರನ್ನೇ ಹಿಂದಕ್ಕೆ ಎಳೆಯಿತು. ಕ್ಲಚ್ ಸುಟ್ಟ ವಾಸನೆ. ಅಕ್ಕ "ಅಯ್ಯೋ!" ಅಂತ ಕಿರುಚಿದಳು. ಕಂಟ್ರಾಕ್ಟರ್ ಓಡಿಬಂದು ಚಕ್ರಕ್ಕೆ ಇಟ್ಟಿಗೆ ಕೊಟ್ಟರು.

"ಇದಕ್ಕೆ ಜೀಪೇ ಬೇಕಮ್ಮಾ. ಅವತ್ತೇ ಹೇಳಿದ್ನಲ್ಲ?"

ಹೇಳಿದ್ದರು. ನನ್ನ ಕಿವಿಗೆ ಬಿದ್ದಿರಲಿಲ್ಲ. ಪಾಪ, ಅಡ್ವಾನ್ಸ್ ವಾಪಸ್ ಕೊಟ್ಟರು.

ಬರುವಾಗ ಅಕ್ಕ ಕೇಳಿದಳು. "ಆ ಸೋಪ್ ಡಬ್ಬಿಗೆ ಏನು ಬಂದಿತ್ತೇ ದೊಡ್ಡ ರೋಗ?"

"ಮಲಗೋ ಜಾಗ ಗಿಡ್ಡ ಅಕ್ಕ."

"ಯಾರಿಗೆ?"

ನಾನು ಗೇರ್ ಬದಲಿಸಿದೆ.

"ಯಾರಿಗೇ ಪುಟ್ಟಿ? ನೀನು ನನ್ನ ಭುಜಕ್ಕೆ ಬರಲ್ಲ. ಆ ಹಲಗೆ ಮೇಲೆ ನೀನು ಉರುಳಾಡಬಹುದು ಕಣೇ." ಅಷ್ಟು ಹೇಳಿ ಅವಳೇ ಅತ್ತಳು. ನಾನು ಗಾಡಿ ಓಡಿಸುತ್ತಿದ್ದೆ, ಅಳಲು ಆಗಲಿಲ್ಲ.

ಟೇಪು ಹಿಡಿದರೆ ಕೈಗೆ ಬರುವುದು ಇವರ ಅಳತೆಯೇ. ಮಂಚ ಮಾಡಿಸಿದ್ದು ಆ ಅಳತೆಗೆ. ಕಂಬಳಿ ಹೊಲಿದದ್ದು ಆ ಅಳತೆಗೆ. ಆಸ್ಪತ್ರೆಯ ಹೊರಗೆ ಶವಪೆಟ್ಟಿಗೆಯವನು ಉದ್ದ ಕೇಳಿದಾಗಲೂ ನಾನೇ ಹೇಳಿದ್ದು. ಬಾಯಿಪಾಠ. ಆರಡಿ ಮೂರಿಂಚು.

ಮಾರ್ಚ್ 25

ಮೂರು ದಿನ ಧೈರ್ಯ ಬರಲಿಲ್ಲ. ಇವತ್ತು ಪೋಸ್ಟ್‌ಮಾಸ್ತರರಿಗೆ ಫೋನ್ ಮಾಡಿದೆ. ಮಾರಿಹೋಗಿದ್ದರೆ ಸಾಕಪ್ಪಾ ಅಂತಲೂ ಅನ್ನಿಸುತ್ತಿತ್ತು. ನಿಜ ಬರೆಯುತ್ತಿದ್ದೇನೆ.

"ಇದೆ ತಾಯಿ. ಒಬ್ಬರು ಬಂದಿದ್ರು, ಆಳು ತೆಂಗಿನಮರ. ಎರಡು ಸಲ ತಲೆ ಗುದ್ದಿಸ್ಕೊಂಡು ಬೈಕೊಂಡು ಹೋದ್ರು."

ನಗು ಬಂತು. ಇವರಾಗಿದ್ದರೂ ಹಾಗೇ ಬೈದುಕೊಳ್ಳುತ್ತಿದ್ದರು.

ಮಾರ್ಚ್ 28, ಶನಿವಾರ

ಪೋಸ್ಟ್‌ಮಾಸ್ತರರು ಕೈ ಹಿಂದೆ ಕಟ್ಟಿಕೊಂಡು ನಿಂತರು. "ಹಾಯಿ ಕಂಬ ನೀವೇ ಎತ್ತಿ. ನಾನು ಮುಟ್ಟಲ್ಲ. ನೀರಿನ ಹತ್ತಿರ ನಾನಿರ್ತೀನಾ?"

ಮೊದಲ ಸಲ ಪಕ್ಕಕ್ಕೆ ವಾಲಿತು. ಎರಡನೇ ಸಲ ಬುಡಕ್ಕೆ ಕಾಲು ಕೊಟ್ಟು, ಹೆಗಲು ಕೊಟ್ಟು ಎತ್ತಿದೆ. ನಿಂತಿತು. ಮೇಲೆ ನೋಡಿದೆ. ಇಂಥ ಹೊತ್ತಿಗೆ ಭೇಷ್ ಅನ್ನುತ್ತಿದ್ದವರು ಇವರು.

"ಭೇಷ್!" ಅಂದರು ಪೋಸ್ಟ್‌ಮಾಸ್ತರರು. ಅದೂ ಸಾಕಾಯಿತು.

ಕಂಬ ಮಲಗಿಸಿ ಕಟ್ಟಿದ ಮೇಲೆ ಕಾರು ಆರಾಮವಾಗಿ ಎಳೆಯಿತು. ಯಾರ್ಡಿನ ಜಾಗದಲ್ಲಿ ನಿಲ್ಲಿಸಿದೆ. ಬೋರ್ಡಿನ ಮೇಲೆ ಇವರ ಹೆಸರಿತ್ತು. ಮ್ಯಾನೇಜರ್ ಒರೆಸಲು ಬಟ್ಟೆ ತಂದರು, ನನ್ನ ಮುಖ ನೋಡಿದರು. ಒರೆಸಿ ಅಂದೆ. ಒರೆಸುವಾಗ ಆ ಕಡೆ ತಿರುಗಿ ನಿಂತೆ.

ಏಪ್ರಿಲ್ 2

ವರ್ಕ್‌ಶಾಪಿನಲ್ಲಿ ಹಲಗೆಗೆ ಫೋಮ್ ಕತ್ತರಿಸಿಕೊಳ್ಳಬೇಕಿತ್ತು. ಓನರ್ ಉದ್ದ ಕೇಳಿದರು. ನಾಲಿಗೆ ತುದಿಗೆ ಬಂದದ್ದು ಇವರ ಅಳತೆ. ನನ್ನ ಅಳತೆ ನನಗೇ ಗೊತ್ತಿಲ್ಲ.

ಫೋಮಿನ ಮೇಲೆ ಮಲಗಿದೆ. ಅವರು ತಲೆಯ ಹತ್ತಿರ ಒಂದು, ಕಾಲಿನ ಹತ್ತಿರ ಒಂದು ಸೀಮೆಸುಣ್ಣದ ಗೆರೆ ಎಳೆದರು. ಎದ್ದು ನೋಡಿದರೆ, ಇಷ್ಟೇನಾ ನಾನು?

ಏಪ್ರಿಲ್ 5, ಭಾನುವಾರ, ಬೆಳಗ್ಗೆ

ದೋಣಿಯಲ್ಲೇ ಬರೆಯುತ್ತಿದ್ದೇನೆ. ದಡದಿಂದ ದೂರವೇನಿಲ್ಲ, ಲಂಗರು ಹಾಕಿದ್ದೇನೆ. ನೀರು ಬದಿಗೆ ತಟ್ಟುವ ಸದ್ದಿಗೆ ಎಚ್ಚರ. ಕಣ್ಣು ಬಿಡುವ ಮೊದಲೇ "ಎದ್ರಾ?" ಅಂದಿದ್ದೆ. ಎದುರಿನ ಹಲಗೆ ಖಾಲಿ. ಮಾತು ಕ್ಯಾಬಿನ್ನಿನ ತಗ್ಗು ಚಾವಣಿಗೆ ಬಡಿದು ನನ್ನ ಹತ್ತಿರವೇ ಬಂತು.

ದಡಕ್ಕೆ ವಾಪಸ್ ಹೋಗಿಬಿಡೋಣ ಅನ್ನಿಸಿತು. ಆದರೂ ಎದ್ದು ಟೀ ಕಾಯಿಸಿದೆ. ಒಂದೇ ಲೋಟ. ಹೊರಗೆ ಮಂಜು, ದಡ ಕಾಣುತ್ತಿಲ್ಲ. ಕುಡಿಯುತ್ತಾ ಕಾಲು ಚಾಚಿದೆ. ಚಾಚಿದ ಮೇಲೂ ಜಾಗ ಉಳಿಯಿತು. ಇವರಿಗೆ ಹೇಳಬೇಕು, ನೀರಿನ ಮೇಲೆ ಬೆಳಗಾಗುವುದು ಹೇಗಿರುತ್ತದೆ ಅಂತ. ಮೊದಲು ಬೆಳಕು ಬರುವುದಿಲ್ಲ, ಮೊದಲು

ಅಯ್ಯೋ, ಗಾಳಿ ಬಂತು. ದೋಣಿ ತಿರುಗುತ್ತಿದೆ, ಲಂಗರು ಕಚ್ಚಿ ನಿಲ್ಲುತ್ತಿಲ್ಲ. ಲಂಗರು ಎತ್ತಬೇ