ಮುಂದಿನ ಸೀಟು

೧೨ ಮಾರ್ಚ್ ೨೦೦೬, ಭಾನುವಾರ

ಹೊಸ ಕಾರು ಅರವತ್ತು ಸಾವಿರ ಜಾಸ್ತಿ ಕೊಟ್ಟು ಸ್ಪೋರ್ಟ್ಸ್ ಮಾಡೆಲ್ಲೇ ತಗೊಳ್ಳೋದಾ, ಸಾದಾದು ಸಾಕಾ? ವಾರದಿಂದ ಇದೇ ಕೊರೀತಿದೆ. ಒಬ್ಬನೇ ಆಫೀಸಿಗೆ ಹೋಗಿಬರೋಕೆ ಅಲಾಯ್ ವೀಲ್ ಯಾಕೆ ಅಂತ ನನಗೇ ನಗು ಬರುತ್ತೆ. ಆದರೂ ಇಂಚರಾಗೆ ಹಿಡಿಸಲಿ ಅಂತ ಆಸೆ. ಮಗಳು ನನಗೆ ಸಿಗೋದು ಭಾನುವಾರ ಮಾತ್ರ. ಕೋಕಿಲಾ ಅವಳನ್ನ ಕರ್ಕೊಂಡು ಕಮ್ಮನಹಳ್ಳಿಯ ತವರಿಗೆ ಹೋಗಿ ಎರಡು ವರ್ಷ ಆಯ್ತು.

ಇವತ್ತು ಇಂದಿರಾನಗರದ ಶೋರೂಮಿಗೆ ಮಗಳನ್ನೂ ಕರ್ಕೊಂಡು ಹೋಗಿದ್ದೆ. ಟೆಸ್ಟ್ ಡ್ರೈವಿಗೆ ಹೊರಟಾಗ ಸೇಲ್ಸ್‌ನವನು ಮುಂದಿನ ಬಾಗಿಲು ತೆಗೆದು, "ಇಲ್ಲಿ ಕೂತ್ಕೋ ಪುಟ್ಟಿ" ಅಂದ. "ಅದು ಅಮ್ಮನ ಜಾಗ" ಅಂದವಳೇ ಹಿಂದೆ ಹತ್ತಿ ಕೂತಳು. ಹಳೇ ಕಾರಿನ ಅಭ್ಯಾಸ.

"ಮೇಡಂ ಬರ್ತಾರಾ ಸಾರ್? ಕಾಯೋಣ್ವಾ?"

"ಇಲ್ಲ, ನಡೀರಿ" ಅಂದೆ. ಅವನಿಗೆ ಅದೇನನ್ನಿಸಿತೋ, ತಾನೂ ಹಿಂದೇನೇ ಕೂತ.

ಬೈಯಪ್ಪನಹಳ್ಳಿವರೆಗೂ ಹೋಗಿಬಂದ್ವಿ. ಪಿಕಪ್ ಚೆನ್ನಾಗಿದೆ, ಗೇರ್ ಬೆಣ್ಣೆ ಥರ. ಪಕ್ಕದ ಖಾಲಿ ಸೀಟಿನ ಪ್ಲಾಸ್ಟಿಕ್ ಕವರ್ ಮಾತ್ರ ದಾರಿಯುದ್ದಕ್ಕೂ ಗಾಳಿಗೆ ಪಟಪಟ ಅಂತಿತ್ತು.

"ಅಮ್ಮಂಗೂ ಇಷ್ಟ ಆಗತ್ತೆ" ಅಂದಳು ಇಂಚರಾ, ಇಳಿಯುವಾಗ.

ಎರಡೂ ಮಾಡೆಲ್ಲಿನ ಬ್ರೋಷರ್ ಮುಂದಿಟ್ಕೊಂಡು ಕೂತಿದೀನಿ. ಯಾವುದು ತಗೊಂಡ್ರೂ ಮುಂದೆ ಎರಡು ಸೀಟು ಇದ್ದೇ ಇರುತ್ತೆ.