ಕೋಣೆಯ ಕೆಳಗಿನ ಹಸು

ಮಗನಿಗೆ ಅವ್ವ ತಿಳಿಸುವುದೇನೆಂದರೆ,

ಹೇಳದೆ ನಿನ್ನ ಪೇಟೆಯ ಮನೆಯಿಂದ ಹೊರಟು ಬಂದೆನೆಂದು ಹಾರಾಡಬೇಡ. ಹಿಮ ತೆಗೆಯುವ ಲಾರಿಯವನು ಅರ್ಧ ಬೆಟ್ಟಕ್ಕೆ ಬಿಟ್ಟ, ಉಳಿದದ್ದು ನಡೆದೆ. ಕಾಲು ನೆಟ್ಟಗಿದೆ.

ಇಲ್ಲಿ ಬೆಟ್ಟದ ಮನೆಯಲ್ಲಿ ನನ್ನ ಕೋಣೆಯ ಕೆಳಗೆ ಕಟ್ಟುತ್ತಿದ್ದ ಹಸುವನ್ನು ಹೊರಗೆ ತಗಡಿನ ಕೊಟ್ಟಿಗೆಗೆ ಹಾಕಿದೆಯಲ್ಲ, ಬಂದಾಗಲೆಲ್ಲ ನಿನ್ನ ಹೆಂಡತಿಗೆ ವಾಸನೆಯೆಂದು. ಅದು, ಅದರ ತಾಯಿ, ಅದರ ಅಜ್ಜಿ, ಇವುಗಳ ಮೈಶಾಖವೇ ಹಲಗೆ ಸಂದಿಯಿಂದ ಮೇಲೆ ಬಂದು ನಲವತ್ತು ಚಳಿಗಾಲ ನಮ್ಮನ್ನು ಬೆಚ್ಚಗಿಟ್ಟಿತು. ದಪ್ಪ ಗೋಡೆಯೊಳಗೆ ಅವೂ ಬೆಚ್ಚಗಿದ್ದವು. ನೀನೂ ಅಲ್ಲೇ ಬೆಳೆದೆ, ಮೂಗೇನೂ ಉದುರಲಿಲ್ಲ. ನನ್ನನ್ನು ಪೇಟೆಗೆ ಕರೆದೊಯ್ಯುವಾಗ "ಪಕ್ಕದ ಜಮೀನಿನವರು ಹುಲ್ಲು ಹಾಕ್ತಾರೆ, ಸುಮ್ನಿರವ್ವ" ಅಂದೆ. ಹುಲ್ಲೇನೋ ಹಾಕಿದ್ದಾರೆ. ನಾನು ಬರುವಷ್ಟರಲ್ಲಿ ಹಸು ಈದಿತ್ತು. ಕರು ಚಳಿಗೆ ಸೆಟೆದು ಬಿದ್ದಿತ್ತು, ತಾಯಿ ಇನ್ನೂ ನೆಕ್ಕುತ್ತಿತ್ತು.

ಹಸುವನ್ನು ಮತ್ತೆ ಒಳಗೆ ತಂದು ಕಟ್ಟಿದ್ದೇನೆ. ಕೆಚ್ಚಲು ಬಾತಿದೆ, ದನದ ಡಾಕ್ಟರ ಹತ್ತಿರ ಮುಲಾಮು ಕೇಳಿ ಲಾರಿಯವನ ಕೈಲಿ ಕಳಿಸು. ಮೊಮ್ಮಗಳಿಗೆ ಈಗಲೇ ಹೇಳಬೇಡ, ಕರುವಿಗೆ ಹೆಸರು ಹುಡುಕುತ್ತಾ ಕೂತಿದ್ದಾಳೆ.

ನನ್ನನ್ನು ಕರೆದೊಯ್ಯಲು ಬರಬೇಡ. ನೆಲ ಕಲ್ಲಾಗಿದೆ, ಗುದ್ದಲಿ ಇಳಿಯುವುದಿಲ್ಲ. ಕರುವನ್ನು ಗೋಣಿಯಲ್ಲಿ ಸುತ್ತಿ ಹಿಮದಲ್ಲಿ ಇಟ್ಟಿದ್ದೇನೆ. ಹಿಮ ಕರಗಿದ ಮೇಲೆ ಬಂದು ನೀನೇ ಗುಂಡಿ ತೋಡು. ಆಳು ಕಳಿಸಿದರೆ ವಾಪಸ್ ಅಟ್ಟುತ್ತೇನೆ.

ಇಂತಿ,
ನಿನ್ನವ್ವ