ಮೂರನೆಯ ಭಾಗಕ್ಕೆ ಅಪ್ಪನೇ ಬರಬೇಕು

ಬುಡಾಪೆಸ್ಟ್
ಮಾರ್ಚ್ 11, 1912, ಸೋಮವಾರ

ಪ್ರೀತಿಯ ಅಮ್ಮ,

ನಿನ್ನ ಎರಡೂ ಕೆನ್ನೆಗೆ ನಿನ್ನ ಬೊರಿಷ್ಕಾಳ ಮುತ್ತು. ನೀನು ಕಳಿಸಿದ ಗಸಗಸೆ ಸುರುಳಿ ತಲುಪಿತು. ಅರ್ಧ ನನ್ನ ಹೊಟ್ಟೆಗೆ, ಇನ್ನರ್ಧ ನಮ್ಮ ಜೊತೆ ಚೆಲ್ಲೊ ನುಡಿಸುವ ಹೆರ್ಮಿನಾಳ ಹೊಟ್ಟೆಗೆ. ‘ನಿಮ್ಮಮ್ಮ ನನ್ನನ್ನ ದತ್ತು ತಗೋತಾರಾ ಕೇಳೇ’ ಅಂದಳು. ಆ ಗಾತ್ರದ ಮಗಳನ್ನು ಸಾಕುವುದು ಕಷ್ಟ ಅಂತ ಹೇಳಿದ್ದೇನೆ.

ಇದು ಬರೀ ಕುಶಲ ಕೇಳುವ ಪತ್ರವಲ್ಲ. ಈ ತಿಂಗಳ ಮೂವತ್ತೊಂದಕ್ಕೆ, ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ, ಇಲ್ಲಿ ನಮ್ಮ ಸಂಗೀತ ಕಛೇರಿ ಇದೆ. ಅದಕ್ಕೆ ಅಪ್ಪ ತನ್ನ ಕೊಂತ್ರಾ ಹೊತ್ತುಕೊಂಡು ಬರಬೇಕು. ಕೇಳುವುದಕ್ಕಲ್ಲ, ನುಡಿಸುವುದಕ್ಕೆ. ‘ಇವಳಿಗೇನು ತಲೆ ಕೆಟ್ಟಿದೆಯಾ?’ ಅಂತ ಅಪ್ಪ ಗೊಣಗುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ಗೊಣಗಲಿ. ನೀನು ನಿಲ್ಲಿಸದೆ ಓದಿ ಹೇಳು.

ಎರಡು ವರ್ಷದ ಹಿಂದೆ ಗಿರಣಿಯವರ ಮಗಳ ಮದುವೆಗೆ ಹಾಡು ಹಿಡಿಯುವ ಯಂತ್ರ ಹೊತ್ತುಕೊಂಡು ಒಬ್ಬ ಬಂದಿದ್ದನಲ್ಲ, ಅಪ್ಪ ಅವನನ್ನು ‘ತುತ್ತೂರಿಗೆ ಕಿವಿ ಹಚ್ಚೋ ಹುಚ್ಚ’ ಅಂದಿದ್ದನಲ್ಲ, ಅವನೇ ನಮ್ಮ ಆಲಾದಾರ್. ನಾವು ಕಛೇರಿಯಲ್ಲಿ ನುಡಿಸುವ ಕೃತಿ ಬರೆದವನೂ ಅವನೇ, ಪಿಟೀಲು ನುಡಿಸುವವನೂ ಅವನೇ. ಇಲ್ಲಿ ನಾಲ್ವರು ಕೂತು ನುಡಿಸುವುದೇ ರೂಢಿ. ಪಿಟೀಲು, ವಯೋಲಾ, ಚೆಲ್ಲೊ, ಇಷ್ಟರಲ್ಲೇ ಮುಗಿಸುತ್ತೇನೆ ಅಂದರೆ ದೊಡ್ಡವರೆಲ್ಲ ಮೂಗು ಮುರಿಯುತ್ತಾರೆ. ‘ಮೂರು ಕಾಲಿನ ಮಂಚ’ ಅಂತ ಒಬ್ಬರು ಆಡಿಕೊಂಡರು. ಆಲಾದಾರನಿಗೆ ಹಟ. ಮೂರನೆಯ ಭಾಗವನ್ನು ನಮ್ಮೂರ ಮದುವೆಯ ಕುಣಿತದ ಮೇಲೆ ಕಟ್ಟಿದ್ದಾನೆ. ನಾವು ಎಡವುತ್ತಿರುವುದು ಅಲ್ಲೇ.

ಅಲ್ಲಿ ವಯೋಲಾ ಮೂರು ತಂತಿಗಳನ್ನು ಒಟ್ಟಿಗೆ ಮೊಳಗಿಸಬೇಕು, ಬಿಡದೆ. ನನ್ನ ವಯೋಲಾದಲ್ಲಿ ತಂತಿಗಳನ್ನು ಹೊರುವ ಮರದ ಕುದುರೆ ಕಮಾನಿನಂತೆ ಬಾಗಿದೆ, ಎರಡು ತಂತಿಗಿಂತ ಹೆಚ್ಚು ಒಮ್ಮೆಗೆ ಸಿಕ್ಕುವುದಿಲ್ಲ. ಒಡೆದು ಒಡೆದು ನುಡಿಸಿದರೆ ಕುಣಿತ ಕುಂಟುತ್ತದೆ. ‘ಆ ಮದುವೇಲೂ ಮೂರೇ ಜನ ಇದ್ರು, ಹತ್ತು ಜನ ಇದ್ದಂಗೆ ಕೇಳಿಸ್ತು. ನಿನ್ನ ಕೈಯಲ್ಲಿ ಕಸುವಿಲ್ಲ ಕಣೇ. ಶನಿವಾರದೊಳಗೆ ನಿನಗೆ ಇದು ಬರ್ಲಿಲ್ಲ ಅಂದ್ರೆ ಒಪೆರಾದಿಂದ ಬೇರೆಯವರನ್ನ ಕರೀತೀನಿ’ ಅಂದುಬಿಟ್ಟ ಆಲಾದಾರ್. ಹೆರ್ಮಿನಾ, ‘ಕಸುವು ಬೇಕಾದ್ರೆ ಕಟುಕನ್ನ ಕರ್ಕೊಂಡು ಬಾ’ ಅಂದಳು. ಅವನು ನಗಲಿಲ್ಲ.

ಅಪ್ಪನ ಕೊಂತ್ರಾ ಕೂಡ ವಯೋಲಾದ ಜಾತಿಯದೇ, ಆದರೆ ಅದಕ್ಕೆ ಮೂರೇ ತಂತಿ, ಅದರ ಕುದುರೆ ಮಟ್ಟಸ. ಅಪ್ಪ ಒಲೆಯ ಮುಂದೆ ಕೂತು ಚಾಕುವಿನಿಂದ ಅದನ್ನು ಹೆರೆಯುವಾಗ ಹುಡಿ ನನ್ನ ಲಂಗದ ಮೇಲೆ ಬೀಳುತ್ತಿತ್ತು. ಗುಟ್ಟು ಇರುವುದು ಅಷ್ಟರಲ್ಲಿ. ಆಲಾದಾರ್ ಅದನ್ನು ಕಿವಿಯಾರೆ ಕೇಳಿದ್ದಾನೆ, ಕಣ್ಣಿನಿಂದ ನೋಡಿಲ್ಲ. ಊರಿಗೆ ಬಂದವರ ಕಣ್ಣೆಲ್ಲ ಮುಂದೆ ನಿಂತು ರಾಗ ನುಡಿಸುವ ಫೆರ್ಕೊ ಮಾವನ ಮೇಲೆ. ಹಿಂದೆ ನಿಂತು ತಾಳಕ್ಕೆ ಒತ್ತು ಕೊಡುವವನ ಕೈಯಲ್ಲಿ ಏನಿದೆ ಅಂತ ಯಾರು ನೋಡುತ್ತಾರೆ?

ಉತ್ತರ ಗೊತ್ತಿದ್ದೂ ಮೂರು ವಾರ ಬಾಯಿ ಮುಚ್ಚಿಕೊಂಡಿದ್ದೆ. ‘ನಿನಗೆ ಹೇಗೆ ಗೊತ್ತು?’ ಅಂದರೆ ಏನು ಹೇಳಲಿ? ಇಲ್ಲಿ ಎಲ್ಲರಿಗೂ ನಾನು ಹಳ್ಳಿ ಶಾಲೆಯ ಮೇಷ್ಟರ ಮಗಳು. ಬಂದ ಮೊದಲ ವಾರವೇ ಹಾಗೆ ಹೇಳಿಬಿಟ್ಟೆ. ವಾದ್ಯಗಾರರ ಕೇರಿಯವಳು ಅನ್ನಲು ನಾಲಿಗೆ ಏಳಲಿಲ್ಲ.

ಇನ್ನೂ ಒಂದಿದೆ. ಅಕ್ಟೋಬರಿನಲ್ಲಿ ಅಪ್ಪ ನನ್ನನ್ನು ನೋಡಲು ಬಂದವನು ಅದೇ ದಿನದ ರೈಲಿಗೆ ಯಾಕೆ ವಾಪಸಾದ ಅಂತ ಮೂರು ಪತ್ರದಲ್ಲಿ ಕೇಳಿದ್ದೀಯ. ಪಟ್ಟಣದ ಗಾಳಿ ಒಗ್ಗಲಿಲ್ಲ ಅಂತ ನಿನಗೆ ಹೇಳಿದನಂತೆ. ಗಾಳಿಯದೇನೂ ತಪ್ಪಿಲ್ಲ ಅಮ್ಮ. ಅಂದು ಸ್ಟೇಷನ್ನಿಗೆ ಆಲಾದಾರನೂ ಬಂದಿದ್ದ. ‘ಇವ್ರು ಯಾರು?’ ಅಂದ. ನಾನು, ‘ನಮ್ಮೂರೋನು, ಸಾಮಾನು ತಂದುಕೊಟ್ಟ’ ಅಂದೆ. ಆಲಾದಾರ್ ಅಪ್ಪನ ಕೈಗೊಂದು ಬೆಳ್ಳಿ ನಾಣ್ಯ ಇಟ್ಟ. ಅಪ್ಪ ನನ್ನ ಮುಖ ನೋಡಿದ, ಟೋಪಿ ತೆಗೆದ, ‘ದೇವರು ಒಳ್ಳೇದು ಮಾಡ್ಲಿ ಸ್ವಾಮಿ’ ಅಂತ ಅದನ್ನು ತೆಗೆದುಕೊಂಡ. ನನ್ನ ಮಾನ ಉಳಿಸಲು ತನ್ನ ಮಾನ ಕೊಟ್ಟ. ನನಗೆ ನಾಚಿಕೆಯಾಗುತ್ತಿದೆ, ಅಮ್ಮ. ಆ ದಿನದಿಂದ ನಾನು ಅತ್ತಿಲ್ಲ, ಅಳುವ ಹಕ್ಕೂ ನನಗಿಲ್ಲ ಅನ್ನಿಸಿದೆ.

ಅಪ್ಪನನ್ನು ಕರೆಯುವ ಬದಲು ನಾನೇ ನುಡಿಸಬಹುದಿತ್ತಲ್ಲ ಅನ್ನುತ್ತೀಯ. ಪ್ರಯತ್ನಿಸಿದೆ. ನನ್ನ ವಯೋಲಾಕ್ಕೆ ಹೊಸ ಕುದುರೆಯೊಂದನ್ನು ಅಪ್ಪನ ಅಳತೆಗೆ ಹೆರೆದು ನಿಲ್ಲಿಸಿದೆ. ಮೂರು ತಂತಿಯೂ ಒಟ್ಟಿಗೆ ಮೊಳಗಿದಾಗ ಕೋಣೆಯಲ್ಲಿ ನಮ್ಮ ಅಂಗಳವೇ ಬಂದಂತಾಯಿತು. ಆದರೆ ಆ ಒತ್ತು ಬರಲಿಲ್ಲ. ಅಪ್ಪನ ಮಣಿಕಟ್ಟು ಕಲಿತದ್ದನ್ನು ನನ್ನ ಕೈಗೆ ಯಾವ ಅಕಾಡೆಮಿಯೂ ಕಲಿಸಿಲ್ಲ. ಇಪ್ಪತ್ತು ಎಣಿಸುವುದರೊಳಗೆ ದಾರಿ ತಪ್ಪಿದೆ. ನಲವತ್ತು ವರ್ಷ ಊರನ್ನು ಕುಣಿಸಿದ ಕೈಯೇ ಬೇಕು.

ಹಾಗಾಗಿ ತೀರ್ಮಾನ ಮಾಡಿದ್ದೇನೆ. ಮೊದಲೆರಡು ಭಾಗ ನಾನು ನುಡಿಸಿ ಏಳುತ್ತೇನೆ. ಮೂರನೆಯದಕ್ಕೆ ನನ್ನ ಕುರ್ಚಿಯಲ್ಲಿ ಅಪ್ಪ ಕೂರುತ್ತಾನೆ. ಇವರು ಯಾರು ಅಂತ ಸಭೆಗೆ ನಾನೇ ಹೇಳುತ್ತೇನೆ. ನಿನ್ನೆ ಆಲಾದಾರನಿಗೆ ಎಲ್ಲವನ್ನೂ ತಿಳಿಸಿದೆ. ಅವನೂ ಒಪ್ಪಿಕೊಂಡ.

ಈಸ್ಟರ್ ಮುಗಿಯುವವರೆಗೆ ಮದುವೆಗಳಿಲ್ಲ, ಆದ್ದರಿಂದ ಬಿಡುವಿಲ್ಲ ಅನ್ನುವ ನೆಪ ನಡೆಯುವುದಿಲ್ಲ. ಇಪ್ಪತ್ತೊಂಬತ್ತಕ್ಕೆ, ಶುಕ್ರವಾರ, ಕೊಲೊಜ್ವಾರಿನಿಂದ ಬೆಳಗಿನ ರೈಲು ಹತ್ತಿಸು. ಹೊಸ ಕೋಟು ಬೇಡ, ಮದುವೆಗೆ ಹಾಕುವ ಆ ಕಪ್ಪು ವೇಸ್ಟ್‌ಕೋಟೇ ಸಾಕು. ಸ್ವರಲಿಪಿ ಓದಲು ಬರುವುದಿಲ್ಲ ಅಂತ ಹೆದರುವುದೂ ಬೇಡ. ಎರಡು ಸಲ ಕೇಳಿದರೆ ಅಪ್ಪನಿಗೆ ಬರುತ್ತದೆ. ಅವನದೇ ಕುಣಿತ ತಾನೆ! ಕೊಂತ್ರಾವನ್ನು ಕಂಬಳಿಯಲ್ಲಿ ಸುತ್ತು, ಸಾಸೇಜಿನ ಜೊತೆ ಒಂದೇ ಚೀಲಕ್ಕೆ ತುರುಕಬೇಡ.

ಕ್ಷಮೆಯನ್ನು ಕಾಗದದಲ್ಲಿ ಕೇಳುವುದಿಲ್ಲ. ಬಂದ ಮೇಲೆ ಎದುರಿಗೆ ನಿಂತು ಕೇಳುತ್ತೇನೆ.

ವಾದ್ಯಗಾರರ ಕೇರಿಯ ಮಗಳು,
ಬೊರಿಷ್ಕಾ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಆಲಾದಾರನಿಗೆ ಇನ್ನೂ ಏನನ್ನೂ ಹೇಳಿಲ್ಲ. ನಿನ್ನೆ ಅವನ ಬಾಗಿಲವರೆಗೆ ಹೋಗಿ ವಾಪಸು ಬಂದೆ. ಅದಕ್ಕೇ ಮೊದಲು ಈ ಪತ್ರವನ್ನು ಅಂಚೆಗೆ ಹಾಕುತ್ತೇನೆ, ಅಲ್ಲಿಂದ ನೇರ ಅವನ ಮನೆಗೆ. ಅಪ್ಪನನ್ನು ಕರೆದಾಯಿತು ಅಂದ ಮೇಲೆ ನನಗೆ ಹಿಂದೆ ಸರಿಯಲು ದಾರಿ ಇರುವುದಿಲ್ಲ. ಅವನು ಆಗದು ಅಂದರೆ ಆ ಕುರ್ಚಿ ನನಗೂ ಬೇಡ. ಆದರೂ ಅಪ್ಪ ಬರಲಿ. ಈ ಸಾಲುಗಳನ್ನೂ ಬಿಡದೆ ಅವನಿಗೆ ಓದಿ ಹೇಳು.